ಸುಸನ್ನಳ ಮುಸುಕು



ತಪಸ್ಸುಕಾಲದ ಐದನೆಯ ವಾರದ ಸೋಮವಾರ ಬಲಿಪೂಜೆಗೆ ಹೋಗುವ ರೂಢಿ ನಿಮಗಿದ್ದರೆ ಸುಸನ್ನಳ ಕಥೆ ನಿಮ್ಮ ಕಿವಿಗೆ ಹೊಸದಲ್ಲ. ದಾನಿಯೇಲನ ಗ್ರಂಥದ 13ನೆಯ ಅಧ್ಯಾಯ ಅದು. ಬಾಬಿಲೋನಿನಲ್ಲಿ ನೆಲೆಸಿದ್ದ ಯೆಹೂದ್ಯ ಶ್ರೀಮಂತ ಯೋವಾಕಿಮನ ಪತ್ನಿ ಸುಸನ್ನ. ಮನೆಗೆ ಹೊಂದಿಕೊಂಡ ತೋಟ. ಜನರ ವ್ಯಾಜ್ಯ ತೀರಿಸಲೆಂದು ಆ ಮನೆಗೆ ಬರುತ್ತಿದ್ದ ಇಬ್ಬರು ಹಿರಿಯರು. ಬಿಸಿಲಿನ ದಿನವೊಂದರಲ್ಲಿ ಅವಳು ಸ್ನಾನಕ್ಕೆಂದು ತೋಟದ ಬಾಗಿಲು ಹಾಕಿಸುತ್ತಾಳೆ. ಹಿರಿಯರು ಆಗಲೇ ಒಳಗೆ ಅಡಗಿದ್ದಾರೆ. ನಮ್ಮ ಇಚ್ಛೆಗೆ ಒಪ್ಪು, ಇಲ್ಲವಾದರೆ ಯುವಕನೊಬ್ಬನೊಂದಿಗೆ ನಿನ್ನನ್ನು ಕಂಡೆವೆಂದು ಸಾಕ್ಷಿ ಹೇಳುತ್ತೇವೆ ಎಂದು ಬೆದರಿಸುತ್ತಾರೆ. ಅವಳು ಒಪ್ಪುವುದಿಲ್ಲ. ಮರಣದಂಡನೆಯ ತೀರ್ಪಾಗುತ್ತದೆ. ದಾನಿಯೇಲನೆಂಬ ಹುಡುಗ ಎದ್ದು ನಿಂತು ಹಿರಿಯರಿಬ್ಬರನ್ನೂ ಬೇರೆ ಬೇರೆಯಾಗಿ ವಿಚಾರಿಸಿ ಅವರ ಸುಳ್ಳನ್ನು ಬಯಲಿಗೆಳೆಯುತ್ತಾನೆ.

ಆದರೆ ಪೂಜೆಯಲ್ಲಿ ಈ ಅಧ್ಯಾಯವನ್ನು ಪೂರ್ತಿಯಾಗಿ ಓದುವುದಿಲ್ಲ. ಪಾಠ ಬಹಳ ಉದ್ದವಾದುದರಿಂದ ನಡುವೆ ಕೆಲವು ವಚನಗಳನ್ನು ಬಿಡಲಾಗಿದೆ. ಅದರಲ್ಲಿ ದುರುದ್ದೇಶವೇನೂ ಇರಲಾರದು. ಬಿಟ್ಟುಹೋದ ವಚನಗಳು ಯಾವುವೆಂದು ಮಾತ್ರ ಮನೆಯ ಬೈಬಲ್ಲನ್ನು ತೆರೆದು ನೋಡಿ. ಹಿರಿಯರಿಬ್ಬರೂ ದಿನದಿನವೂ ಅವಳನ್ನು ನೋಡಲೆಂದೇ ಕಾದು ಕೂರುತ್ತಿದ್ದುದು, ಊಟದ ಹೊತ್ತಾಯಿತೆಂದು ಒಬ್ಬರಿಗೊಬ್ಬರು ಹೇಳಿ ಹೊರಟು, ಇಬ್ಬರೂ ಕಳ್ಳಹೆಜ್ಜೆಯಲ್ಲಿ ಹಿಂದಿರುಗಿ ಎದುರುಬದುರಾಗಿ ಸಿಕ್ಕಿಬಿದ್ದದ್ದು: ಇದು 10ರಿಂದ 14ರವರೆಗಿನ ವಚನಗಳಲ್ಲಿದೆ, ನಾವು ಕೇಳುವುದಿಲ್ಲ. 31 ಮತ್ತು 32ನೆಯ ವಚನಗಳನ್ನೂ ಕೇಳುವುದಿಲ್ಲ. ಅಲ್ಲಿ ಸುಸನ್ನ ಮುಸುಕು ಹಾಕಿಕೊಂಡೇ ನ್ಯಾಯಸಭೆಗೆ ಬಂದಿದ್ದಾಳೆ. ಆ ಮುಸುಕನ್ನು ತೆಗೆಸಿರೆಂದು ಹಿರಿಯರು ಆಜ್ಞಾಪಿಸುತ್ತಾರೆ. ವಿಚಾರಣೆಗೆ ಅದು ಬೇಕಾಗಿತ್ತೆಂದಲ್ಲ. ಕಣ್ತುಂಬ ನೋಡುವ ಚಪಲಕ್ಕಾಗಿ ಎಂದು ಶ್ರೀಗ್ರಂಥವೇ ಸ್ಪಷ್ಟವಾಗಿ ಹೇಳುತ್ತದೆ. ತೋಟದಲ್ಲಿ ಕೈಗೂಡದ್ದನ್ನು ಅವರು ಜನರ ನಡುವೆ, ಎಲ್ಲರ ಎದುರಿನಲ್ಲಿ, ಕಾನೂನಿನ ಹೆಸರಿನಲ್ಲಿ ಪಡೆದುಕೊಂಡರು.

ಅಂತರ್ಜಾಲದ ನೀಲಿ ಚಿತ್ರಗಳ ಉದ್ಯಮವನ್ನು ಕುರಿತು ಈ ಪುಟಗಳಲ್ಲಿ ಬರೆಯಲು ಹೊರಟಾಗ ನನಗೆ ಮೊದಲು ನೆನಪಾದದ್ದು ಈ ಮುಸುಕು. ಧರ್ಮಕ್ಷೇತ್ರದ ಪತ್ರಿಕೆಯಲ್ಲಿ, ಮಕ್ಕಳೂ ಓದುವ ಕಡೆ, ಇಂಥ ವಿಷಯವೇ ಎಂದು ಯಾರಾದರೂ ಹುಬ್ಬೇರಿಸಿದರೆ, ಜಪಸರ ಮುಗಿಸಿ ಮಲಗುವ ಮನೆಗಳಲ್ಲಿಯೂ ದಿಂಬಿನ ಪಕ್ಕದಲ್ಲಿ ಮೊಬೈಲ್ ಇರುತ್ತದೆ ಎಂಬುದಷ್ಟೇ ನನ್ನ ಉತ್ತರ. 2022ರ ಅಕ್ಟೋಬರ್‌ನಲ್ಲಿ ರೋಮ್‌ನ ಗುರುಅಭ್ಯರ್ಥಿಗಳೊಡನೆ ಮಾತನಾಡುತ್ತ ಪೋಪ್ ಫ್ರಾನ್ಸಿಸರು, ಈ ಚಟ ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ಬಿಟ್ಟಿಲ್ಲವೆಂದು ಮರೆಮಾಚದೆ ಹೇಳಿದರು. ಆದ್ದರಿಂದ ಇದು ಯಾರದೋ ಮನೆಯ ಸುದ್ದಿಯಲ್ಲ.

ನಮ್ಮಲ್ಲಿ ಈ ಕುರಿತು ಮಾತೇ ಇಲ್ಲವೆಂದೂ ಅಲ್ಲ. ಯುವಜನರ ಧ್ಯಾನಕೂಟಗಳಲ್ಲಿ, ವಿವಾಹ ಸಿದ್ಧತೆಯ ಶಿಬಿರಗಳಲ್ಲಿ, ಪಾಪನಿವೇದನೆಗೆ ಮುಂಚಿನ ಆತ್ಮಶೋಧನೆಯ ಪ್ರಶ್ನೆಗಳಲ್ಲಿ ಇದರ ಪ್ರಸ್ತಾಪ ಬರುತ್ತದೆ. ಆದರೆ ಆ ಮಾತುಗಳನ್ನು ಗಮನವಿಟ್ಟು ಕೇಳಿದ್ದೀರಾ? ನೋಡುವವನ ಆತ್ಮ ಮಲಿನವಾಗುತ್ತದೆ, ನೋಡುವವನ ವಿದ್ಯಾಭ್ಯಾಸ ಕೆಡುತ್ತದೆ, ನೋಡುವವನ ದಾಂಪತ್ಯ ಹಾಳಾಗುತ್ತದೆ. ಎಲ್ಲವೂ ನಿಜವೇ. ಆದರೆ ವಾಕ್ಯಗಳ ಕರ್ತೃವೆಲ್ಲ ನೋಡುವವನೇ. ಅವನು ನೋಡುತ್ತಿರುವುದು ಯಾರನ್ನು? ಆಕೆ ಅಲ್ಲಿಗೆ ಹೇಗೆ ಬಂದಳು? ಕ್ಯಾಮೆರಾ ನಿಂತ ಮೇಲೆ ಆಕೆ ಎಲ್ಲಿಗೆ ಹೋದಳು? ಪಾಪದ ಪಟ್ಟಿಯಲ್ಲಿ ಆಕೆಗೆ ಸಿಗುವ ಜಾಗ ಹೆಚ್ಚೆಂದರೆ 'ಶೋಧನೆ' ಎಂಬ ಒಂದು ಪದ. ಕೆಲವೊಮ್ಮೆ ಅದಕ್ಕಿಂತಲೂ ಕೀಳು: ಹೆಣ್ಣುಮಕ್ಕಳು ಮೈತುಂಬ ಬಟ್ಟೆ ಹಾಕಿಕೊಂಡರೆ ಇದೆಲ್ಲ ಇರುವುದಿಲ್ಲ ಎಂಬ ಉಪದೇಶ. ಸುಸನ್ನ ತನ್ನ ಸ್ವಂತ ತೋಟದಲ್ಲಿದ್ದಳು, ಬಾಗಿಲು ಹಾಕಿತ್ತು. ಇದಕ್ಕಿಂತ ಹೆಚ್ಚಿನ ಎಚ್ಚರವನ್ನು ಯಾವ ಹೆಣ್ಣು ವಹಿಸಬೇಕು?

ನಮ್ಮ ಭಾಷೆಯೂ ನೋಡುವವನ ಪರವಾಗಿಯೇ ನಿಂತಿದೆ. 'ಅಶ್ಲೀಲ' ಎಂದರೆ ಶ್ರೀ ಇಲ್ಲದ್ದು, ಚೆಲುವಲ್ಲದ್ದು. ಕಾವ್ಯಮೀಮಾಂಸೆಯಲ್ಲಿ ಅದೊಂದು ದೋಷ, ರಸಿಕನ ಅಭಿರುಚಿಗೆ ತಗಲುವ ಪೆಟ್ಟು. 'ನೀಲಿ ಚಿತ್ರ'ವಂತೂ ತಮಾಷೆಯ ಮಾತು. ಗ್ರೀಕ್ ಮೂಲದ 'ಪೋರ್ನೋಗ್ರಫಿ' ಎಂಬ ಪದವೇ ಇವುಗಳಿಗಿಂತ ಪ್ರಾಮಾಣಿಕ. 'ಪೋರ್ನೆ' ಎಂದರೆ ವೇಶ್ಯೆ. ಮಾರು ಎಂಬರ್ಥದ ಕ್ರಿಯಾಪದಕ್ಕೆ ಅದರ ನಂಟು. ಮಾರಾಟವಾದವಳ ಚಿತ್ರಣ ಎಂಬುದು ಆ ಪದದ ಹೊಟ್ಟೆಯಲ್ಲೇ ಇದೆ. ನಮ್ಮ ಸರ್ವೋಚ್ಚ ನ್ಯಾಯಾಲಯ 2024ರ ಸೆಪ್ಟೆಂಬರ್ 23ರಂದು ನೀಡಿದ ತೀರ್ಪೊಂದರಲ್ಲಿ ಪದಗಳ ಈ ಪ್ರಶ್ನೆಯನ್ನೇ ಎತ್ತಿಕೊಂಡಿತು. ಮಕ್ಕಳನ್ನು ಬಳಸಿ ತೆಗೆದ ಇಂಥ ದೃಶ್ಯಗಳನ್ನು 'ಅಶ್ಲೀಲ ಚಿತ್ರ' ಎಂದು ಕರೆಯುವುದೇ ತಪ್ಪು, ಅವು ಲೈಂಗಿಕ ಶೋಷಣೆಯ ಮತ್ತು ದೌರ್ಜನ್ಯದ ಸಾಮಗ್ರಿಗಳು, ಕಾನೂನಿನಲ್ಲಿಯೂ ಹಾಗೆಯೇ ಬರೆಯಬೇಕು ಎಂಬುದು ಅದರ ಸಲಹೆ. ಮಕ್ಕಳ ವಿಷಯದಲ್ಲಿ ನ್ಯಾಯಾಲಯ ತೋರಿದ ಈ ವಿವೇಕ ಹದಿನೆಂಟು ತುಂಬಿದ ಮರುದಿನವೇ ಅಗತ್ಯವಿಲ್ಲದ್ದಾಗುತ್ತದೆಯೇ?

ಇಬ್ಬರ ಕಥೆ ಹೇಳುತ್ತೇನೆ. ಅಥವಾ ಒಬ್ಬಳ ಕಥೆ, ಮತ್ತು ಇಪ್ಪತ್ತೆರಡು ಮಂದಿಯ ಕಥೆ.

ಲಿಂಡಾ ಬೋರ್‌ಮನ್ 1949ರಲ್ಲಿ ನ್ಯೂಯಾರ್ಕಿನಲ್ಲಿ ಪೊಲೀಸ್ ಉದ್ಯೋಗಿಯೊಬ್ಬರ ಮಗಳಾಗಿ ಹುಟ್ಟಿದಳು. ಓದಿದ್ದು ಕಥೋಲಿಕ ಶಾಲೆಗಳಲ್ಲಿ. ಹುಡುಗರಿಂದ ಅಂತರ ಕಾಯ್ದುಕೊಳ್ಳುತ್ತಿದ್ದಳೆಂದು ಸಹಪಾಠಿಗಳು ಅವಳನ್ನು ಭಾರೀ ಪವಿತ್ರೆಯೆಂದು ಛೇಡಿಸುತ್ತಿದ್ದರಂತೆ. 1972ರಲ್ಲಿ ಅವಳನ್ನು ನಾಯಕಿಯಾಗಿಸಿ ತೆಗೆದ ಚಿತ್ರವೊಂದು ಅಮೆರಿಕದಲ್ಲಿ ಈ ಬಗೆಯ ಚಿತ್ರಗಳನ್ನು ಓಣಿಯ ಕತ್ತಲೆಯಿಂದ ಹೆದ್ದಾರಿಯ ಬೆಳಕಿಗೆ ತಂದಿತು. ಗಣ್ಯರು ಸರದಿಯಲ್ಲಿ ನಿಂತು ಟಿಕೆಟ್ ಕೊಂಡರು. ಪತ್ರಿಕೆಗಳು ಅದನ್ನು ಹೊಸ ಕಾಲದ ಸ್ವಾತಂತ್ರ್ಯವೆಂದು ಬರೆದವು. ಚಿತ್ರ ಕೋಟಿಗಟ್ಟಲೆ ಡಾಲರ್ ಗಳಿಸಿತು. ಲಿಂಡಾಳ ಹೆಸರಿಗೆ ಬಂದದ್ದು 1,250 ಡಾಲರ್. ಅದನ್ನೂ ಗಂಡ ತೆಗೆದುಕೊಂಡ.

ಆ ಗಂಡನೇ ತನ್ನನ್ನು ಹೊಡೆದು, ಬಂದೂಕು ತೋರಿಸಿ, ಈ ಕೆಲಸಕ್ಕೆ ದೂಡಿದನೆಂದು 1980ರಲ್ಲಿ ಅವಳು ಪುಸ್ತಕ ಬರೆದಳು. ಚಿತ್ರವನ್ನು ಯಾರೇ ನೋಡಿದರೂ ಅವರು ನೋಡುತ್ತಿರುವುದು ತನ್ನ ಮೇಲಿನ ಅತ್ಯಾಚಾರವನ್ನೇ ಎಂದು ಸಾರ್ವಜನಿಕ ವಿಚಾರಣೆಗಳ ಮುಂದೆ ಸಾಕ್ಷ್ಯ ನುಡಿದಳು. ಮೈಮೇಲಿನ ಪೆಟ್ಟಿನ ಕಲೆಗಳು ಚಿತ್ರದಲ್ಲಿಯೇ ಕಾಣುತ್ತವೆ ಎಂದಳು. ಲಕ್ಷಾಂತರ ಜನರು ಆ ಚಿತ್ರವನ್ನು ನೋಡಿದ್ದರು. ಕಲೆಗಳನ್ನು ಕಂಡವರು ಎಷ್ಟು ಮಂದಿಯೋ! ಅವಳ ದೇಹದ ಪ್ರತಿಯೊಂದು ಅಂಗುಲವನ್ನೂ ನೋಡಿದ ಜನ ಅವಳನ್ನು ನೋಡಿರಲಿಲ್ಲ. ಆ ಪುಸ್ತಕ ಅಚ್ಚಾಗುವ ಮೊದಲು, ಅವಳು ನಿಜ ಹೇಳುತ್ತಿದ್ದಾಳೆಯೇ ಎಂದು ತಿಳಿಯಲು ಪ್ರಕಾಶಕರು ಅವಳನ್ನು ಸುಳ್ಳುಪತ್ತೆ ಯಂತ್ರಕ್ಕೆ ಕೂರಿಸಿದರು. ಚಿತ್ರ ನಿರ್ಮಿಸಿದವರು ಆ ಯಂತ್ರದ ಮುಂದೆ ಕೂತರೆಂದು ನಾನೆಲ್ಲೂ ಓದಿಲ್ಲ. 2002ರ ಏಪ್ರಿಲ್‌ನಲ್ಲಿ, ರಸ್ತೆ ಅಪಘಾತವೊಂದರ ನಂತರ, ಐವತ್ತಮೂರನೆಯ ವಯಸ್ಸಿನಲ್ಲಿ ಲಿಂಡಾ ತೀರಿಕೊಂಡಳು.

ಇಲ್ಲಿ ಸ್ವಲ್ಪ ದಾರಿ ತಪ್ಪಿ ನಾನೂರು ವರ್ಷ ಹಿಂದಕ್ಕೆ ಹೋಗುತ್ತೇನೆ. ವಿಷಯ ಬಿಟ್ಟು ಹೋಗುವುದಿಲ್ಲ. ಯೂರೋಪಿನ ಚಿತ್ರಕಾರರಿಗೆ ಸುಸನ್ನಳ ಕಥೆ ಬಲು ಮೆಚ್ಚಿನದು. ಕಾರಣವನ್ನು ಊಹಿಸುವುದು ಕಷ್ಟವಲ್ಲ: ಬೈಬಲ್ಲಿನ ಹೆಸರಿನಲ್ಲಿ ಬೆತ್ತಲೆ ಹೆಣ್ಣನ್ನು ಬರೆಯಬಹುದಾಗಿತ್ತು. ವಿಯೆನ್ನಾದಲ್ಲಿರುವ ತಿಂತೊರೆತ್ತೋನ ಪ್ರಸಿದ್ಧ ಚಿತ್ರದಲ್ಲಿ ಸುಸನ್ನ ಕನ್ನಡಿ ನೋಡಿಕೊಳ್ಳುತ್ತ ನಿರಾಳವಾಗಿ ಕುಳಿತಿದ್ದಾಳೆ. ಹಿರಿಯರು ಬೇಲಿಯ ಮರೆಯಿಂದ ಇಣುಕುತ್ತಿದ್ದಾರೆ; ಅವರಿಗಿಂತ ಚೆನ್ನಾಗಿ ಅವಳು ಕಾಣುವುದು ಚಿತ್ರದ ಮುಂದೆ ನಿಂತ ನಮಗೆ. ಚಿತ್ರಕಾರ ನಮ್ಮನ್ನು ಮೂರನೆಯ ಹಿರಿಯನನ್ನಾಗಿ ಮಾಡಿದ್ದಾನೆ. 1610ರಲ್ಲಿ ರೋಮ್‌ನಲ್ಲಿ ಆರ್ತೆಮೀಸಿಯಾ ಜೆಂತಿಲೆಸ್ಕಿ ಎಂಬ, ಇನ್ನೂ ಹದಿಹರೆಯ ದಾಟದ ಹುಡುಗಿ ಅದೇ ಕಥೆಯನ್ನು ಬರೆದಳು. ಅವಳ ಸುಸನ್ನ ಮೈ ಮುರಿದುಕೊಂಡು, ಮುಖ ತಿರುಗಿಸಿ, ಎರಡು ಕೈಗಳಿಂದ ಅವರನ್ನು ತಡೆಯುತ್ತಿದ್ದಾಳೆ. ಹಿರಿಯರು ಮೇಲಿನಿಂದ ಗೋಡೆಯಂತೆ ಬಾಗಿದ್ದಾರೆ. ಆ ಚಿತ್ರವನ್ನು ನೋಡುವವನಿಗೆ ಮುಜುಗರವಾಗುತ್ತದೆ. ಆಗಬೇಕಾದದ್ದೂ ಅದೇ. ಚಿತ್ರ ಬರೆದ ಮರುವರ್ಷವೇ ಆ ಹುಡುಗಿಯ ಮೇಲೆ ತಂದೆಯ ಪರಿಚಿತ ಚಿತ್ರಕಾರನೊಬ್ಬನಿಂದ ಅತ್ಯಾಚಾರ ನಡೆಯಿತು. 1612ರ ವಿಚಾರಣೆಯಲ್ಲಿ ಅವಳ ಮಾತು ನಿಜವೇ ಎಂದು ಪರೀಕ್ಷಿಸಲು ಬೆರಳುಗಳಿಗೆ ಹಗ್ಗ ಸುತ್ತಿ ಬಿಗಿದರು. ಚಿತ್ರಕಾರ್ತಿಯ ಬೆರಳುಗಳಿಗೆ! ಆ ಹಗ್ಗ ಮತ್ತು ಲಿಂಡಾಳಿಗೆ ಕಟ್ಟಿದ ಯಂತ್ರದ ತಂತಿ, ಎರಡೂ ಒಂದೇ ನೂಲಿನಿಂದ ಹೊಸೆದವು ಎಂದರೆ ಅತಿಶಯೋಕ್ತಿಯೇ?

ಇನ್ನು ಆ ಇಪ್ಪತ್ತೆರಡು ಮಂದಿ. ಅಮೆರಿಕದ ಸ್ಯಾನ್ ಡಿಯೇಗೋ ನಗರದಲ್ಲಿ ಒಂದು ಕಂಪನಿ ಉಡುಪುಗಳ ಮಾಡೆಲಿಂಗ್ ಕೆಲಸವಿದೆಯೆಂದು ಜಾಹೀರಾತು ಕೊಡುತ್ತಿತ್ತು. ಉತ್ತರಿಸಿದವರು ಹೆಚ್ಚಾಗಿ ಹದಿನೆಂಟು ಇಪ್ಪತ್ತರ ಆಸುಪಾಸಿನ ಹುಡುಗಿಯರು. ಮಾತುಕತೆ ಮುಂದುವರಿದಂತೆ ನಿಜವಾದ ಕೆಲಸ ಯಾವುದೆಂದು ಹೇಳುತ್ತಿದ್ದರು, ಜೊತೆಗೊಂದು ಭರವಸೆ: ಈ ವಿಡಿಯೋ ಅಂತರ್ಜಾಲಕ್ಕೆ ಹೋಗುವುದಿಲ್ಲ, ದೂರದ ದೇಶದ ಖಾಸಗಿ ಗ್ರಾಹಕರಿಗೆ ಡಿವಿಡಿಯಲ್ಲಿ ಮಾತ್ರ ಮಾರುತ್ತೇವೆ, ನಿನ್ನ ಊರಿನವರಿಗೆ ತಿಳಿಯುವುದೇ ಇಲ್ಲ. ನಂಬಿಕೆ ಬರಲೆಂದು, ತಾವೂ ಇದನ್ನು ಮಾಡಿದ್ದೇವೆ, ಏನೂ ತೊಂದರೆಯಾಗಲಿಲ್ಲ ಎಂದು ಸುಳ್ಳು ಹೇಳುವ ಹೆಂಗಸರನ್ನು ಹಣ ಕೊಟ್ಟು ಇಟ್ಟುಕೊಂಡಿದ್ದರು. ಹೋಟೆಲ್ ಕೋಣೆಯಲ್ಲಿ ಉದ್ದನೆಯ ಒಪ್ಪಂದಪತ್ರಕ್ಕೆ ಅವಸರದಲ್ಲಿ ಸಹಿ ಹಾಕಿಸುತ್ತಿದ್ದರು. ಕೆಲವೇ ವಾರಗಳಲ್ಲಿ ವಿಡಿಯೋ ಅಂತರ್ಜಾಲದಲ್ಲಿ. ಹುಡುಗಿಯ ನಿಜವಾದ ಹೆಸರು, ಓದಿದ ಕಾಲೇಜು, ಮನೆಯವರ ವಿವರ ಬಯಲಿಗೆ. ಕೊಂಡಿ ಅವಳ ಸಹಪಾಠಿಗಳಿಗೆ, ತಂದೆತಾಯಂದಿರಿಗೆ.

ಇಪ್ಪತ್ತೆರಡು ಮಂದಿ ಮೊಕದ್ದಮೆ ಹೂಡಿದರು. ನ್ಯಾಯಾಲಯದ ದಾಖಲೆಗಳಲ್ಲಿ ಅವರಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ. ಅವರಿಗೆ ಉಳಿದಿದ್ದ ಮುಸುಕು ಅದೊಂದೇ. 2020ರ ಜನವರಿಯಲ್ಲಿ ನ್ಯಾಯಾಧೀಶರು ಇದು ಮೋಸವೆಂದು ತೀರ್ಪಿತ್ತು ಸುಮಾರು 1 ಕೋಟಿ 27 ಲಕ್ಷ ಡಾಲರ್ ಪರಿಹಾರ ವಿಧಿಸಿದರು. ವಿಡಿಯೋಗಳ ಹಕ್ಕನ್ನು ಆ ಹೆಣ್ಣುಮಕ್ಕಳಿಗೇ ಕೊಟ್ಟರು. ಕಂಪನಿಯ ಯಜಮಾನ ದೇಶ ಬಿಟ್ಟು ಓಡಿಹೋಗಿದ್ದ. 2022ರ ಡಿಸೆಂಬರ್‌ನಲ್ಲಿ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಸಿಕ್ಕಿಬಿದ್ದು, 2025ರಲ್ಲಿ ತಪ್ಪೊಪ್ಪಿಕೊಂಡು, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ 27 ವರ್ಷಗಳ ಸೆರೆವಾಸಕ್ಕೆ ಗುರಿಯಾದ. ಆ ಚಿತ್ರಗಳಲ್ಲಿ ಅಭಿನಯಿಸಿದ ಅವನ ಸಹಚರನಿಗೆ 2021ರಲ್ಲಿ 20 ವರ್ಷ. ನ್ಯಾಯ ಸಿಕ್ಕಿತು ಎನ್ನಬಹುದು. ಆದರೆ ಒಮ್ಮೆ ಅಂತರ್ಜಾಲಕ್ಕೆ ಬಿದ್ದ ದೃಶ್ಯವನ್ನು ಯಾವ ನ್ಯಾಯಾಧೀಶರೂ ಹಿಂದಕ್ಕೆ ಕರೆಯಲಾರರು. ಚೆಲ್ಲಿದ ನೀರನ್ನು ತುಂಬಿಕೊಳ್ಳಲಾಗದು ಎನ್ನುತ್ತಾರೆ. ಇಲ್ಲಿ ಚೆಲ್ಲಿದ ನೀರನ್ನು ಸಾವಿರ ಜನ ಕೊಡ ಹಿಡಿದು ತುಂಬಿಕೊಂಡು ಹೋಗಿರುತ್ತಾರೆ.

ಅವರು ಒಪ್ಪಿಯೇ ಮಾಡುತ್ತಾರಲ್ಲ, ದುಡ್ಡು ಪಡೆದೇ ಮಾಡುತ್ತಾರಲ್ಲ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ನಾವೇ ಇಷ್ಟಪಟ್ಟು ಈ ವೃತ್ತಿಗೆ ಬಂದೆವು ಎನ್ನುವ ಹೆಂಗಸರೂ ಇದ್ದಾರೆ. ಅವರ ಮಾತನ್ನು ಸುಳ್ಳೆಂದು ತಳ್ಳಿಹಾಕುವ ಅಧಿಕಾರ ನನಗಿಲ್ಲ. ಆದರೆ ನೋಡುವವನ ಸ್ಥಿತಿಯನ್ನು ವಿಚಾರಿಸಿ. ಸ್ಯಾನ್ ಡಿಯೇಗೋದ ಆ ವಿಡಿಯೋಗಳಲ್ಲಿಯೂ ಹುಡುಗಿಯರು ನಗುತ್ತಿದ್ದರು, ಒಪ್ಪಂದಪತ್ರವೂ ಇತ್ತು. ಲಿಂಡಾಳೂ ನಗುತ್ತಿದ್ದಳು. ತೆರೆಯ ಮೇಲೆ ನಗುವ ಮುಖದ ಹಿಂದೆ ಒಪ್ಪಿಗೆಯಿದೆಯೋ, ಸಾಲವಿದೆಯೋ, ಹೊಡೆತವಿದೆಯೋ, ಮೋಸವಿದೆಯೋ ಎಂದು ತಿಳಿಯುವ ದಾರಿ ನೋಡುವವನಿಗಿಲ್ಲ. ತಿಳಿಯದೆಯೂ ಅವನು ನೋಡುತ್ತಾನೆ. ಹಾಗೆ ತಿಳಿಯದಿರುವುದೇ ಅವನಿಗೆ ಅನುಕೂಲ.

ಶ್ರೀಗ್ರಂಥ ಈ 'ಒಪ್ಪಿಗೆ'ಯನ್ನು ಏನೆಂದು ಕರೆಯುತ್ತದೆ? 57ನೆಯ ವಚನಕ್ಕೆ ಬನ್ನಿ. ಎರಡನೆಯ ಹಿರಿಯನನ್ನು ವಿಚಾರಿಸುವಾಗ ದಾನಿಯೇಲ ಒಂದು ಮಾತು ಆಡುತ್ತಾನೆ: ನೀವು ಇಸ್ರಯೇಲಿನ ಹೆಣ್ಣುಮಕ್ಕಳೊಡನೆ ಹೀಗೆಯೇ ನಡೆದುಕೊಂಡು ಬಂದಿರಿ, ಅವರು ಭಯದಿಂದ ನಿಮಗೆ ಒಳಗಾದರು ಎಂಬರ್ಥದ್ದು. ಅಂದರೆ ಸುಸನ್ನ ಮೊದಲನೆಯವಳಲ್ಲ. ಅವಳಿಗೆ ಮುಂಚೆ ಎಷ್ಟೋ ಹೆಣ್ಣುಮಕ್ಕಳು ಬೆದರಿಕೆಗೆ ಸೋತು 'ಒಪ್ಪಿದ್ದರು'. ದಾನಿಯೇಲ ಆ ಒಪ್ಪಿಗೆಯನ್ನು ಹಿರಿಯರ ಪರವಾದ ಸಾಕ್ಷ್ಯವಾಗಿ ಎಣಿಸಲಿಲ್ಲ. ಅವರ ಅಪರಾಧದ ಲೆಕ್ಕಕ್ಕೆ ಸೇರಿಸಿದ. ಈ ವಚನವನ್ನು ಪೂಜೆಯಲ್ಲಿ ಓದುತ್ತಾರೆ. ಆದರೆ ನಮ್ಮ ಪ್ರಬೋಧನೆಗಳು ಪ್ರಾಣ ಹೋದರೂ ಸರಿಯೆಂದು ನಿಂತ ಸುಸನ್ನಳನ್ನು ಕೊಂಡಾಡಿ ಮುಗಿಯುತ್ತವೆ. ಭಯಪಟ್ಟು ಒಪ್ಪಿದ ಆ ಹೆಸರಿಲ್ಲದ ಹೆಣ್ಣುಮಕ್ಕಳಿಗಾಗಿ ಒಂದು ಮಾತೂ ಇಲ್ಲ. ಅವರ ಪರವಾಗಿ ಕೂಗಿಕೊಳ್ಳಲು ಯಾವ ದಾನಿಯೇಲನೂ ಬಂದಿರಲಿಲ್ಲ. ಸುಸನ್ನಳಷ್ಟು ಶ್ರೀಮಂತ ಮನೆತನ ಅವರಿಗೆ ಇತ್ತೋ ಇಲ್ಲವೋ, ಬಲ್ಲವರಾರು?

ಹಣದ ದಾರಿಯನ್ನೂ ಒಂದಿಷ್ಟು ನೋಡೋಣ. ಇವುಗಳನ್ನು ಬಿಟ್ಟಿಯಾಗಿ ನೋಡುವವರು, ನಾನೇನು ದುಡ್ಡು ಕೊಟ್ಟೆನೇ ಎಂದುಕೊಳ್ಳಬಹುದು. ಬಿಟ್ಟಿ ತಾಣಗಳಲ್ಲಿ ಮಾರಾಟವಾಗುವುದು ನೋಡುವವನ ಗಮನ. ಎಷ್ಟು ಜನ ನೋಡಿದರೋ ಅಷ್ಟು ಜಾಹೀರಾತಿನ ಹಣ. 2020ರ ಡಿಸೆಂಬರ್‌ನಲ್ಲಿ, ಜಗತ್ತಿನ ಅತಿ ದೊಡ್ಡ ತಾಣಗಳಲ್ಲಿ ಒಂದಾದ ಪೋರ್ನ್‌ಹಬ್‌ನಲ್ಲಿ ಅತ್ಯಾಚಾರದ ಮತ್ತು ಎಳೆಯ ಹುಡುಗಿಯರ ದೃಶ್ಯಗಳಿವೆಯೆಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬರೆಯಿತು. ಸಂತ್ರಸ್ತೆಯರು ವರ್ಷಗಳಿಂದ ಅಂಗಲಾಚಿದ್ದರೂ ಆಗದಿದ್ದುದು, ವೀಸಾ ಮತ್ತು ಮಾಸ್ಟರ್‌ಕಾರ್ಡ್ ಕಂಪನಿಗಳು ತಮ್ಮ ಕಾರ್ಡುಗಳ ಪಾವತಿಯನ್ನು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಆಯಿತು. ಯಾರು ಏರಿಸಿದ್ದೆಂದು ಖಾತ್ರಿಯಿಲ್ಲದ ವಿಡಿಯೋಗಳನ್ನೆಲ್ಲ ಆ ತಾಣ ತೆಗೆದುಹಾಕಿತು. ಅವು ಎಷ್ಟಿದ್ದವು ಗೊತ್ತೇ? ಇದ್ದ ಸುಮಾರು 1 ಕೋಟಿ 35 ಲಕ್ಷದಲ್ಲಿ ಉಳಿದದ್ದು 30 ಲಕ್ಷಕ್ಕೂ ಕಡಿಮೆ. ಉಳಿದ ಕೋಟಿಯಲ್ಲಿ ಯಾರು ಯಾರಿದ್ದರು, ಯಾರ ಒಪ್ಪಿಗೆಯಿತ್ತು ಎಂದು ಆ ತಾಣಕ್ಕೇ ಗೊತ್ತಿರಲಿಲ್ಲ. ಸ್ಯಾನ್ ಡಿಯೇಗೋ ಕಂಪನಿಯ ವಿಡಿಯೋಗಳಿಂದ ಲಾಭ ಪಡೆದ ಪ್ರಕರಣದಲ್ಲಿ ಈ ತಾಣದ ಒಡೆಯರು 2023ರ ಡಿಸೆಂಬರ್‌ನಲ್ಲಿ ಅಮೆರಿಕ ಸರ್ಕಾರಕ್ಕೆ 18 ಲಕ್ಷ ಡಾಲರಿಗೂ ಹೆಚ್ಚು ಕಟ್ಟಿ ರಾಜಿ ಮಾಡಿಕೊಂಡರು.

ಈಗ ಕ್ಯಾಮೆರಾದ ಮುಂದೆ ಹೆಣ್ಣು ಬರಬೇಕಾದ ಅಗತ್ಯವೂ ಉಳಿದಿಲ್ಲ. ಮುಖದ ಒಂದು ಫೋಟೋ ಸಾಕು. ಯಂತ್ರ ಅದನ್ನು ಬೇರೊಂದು ದೇಹಕ್ಕೆ ಅಂಟಿಸುತ್ತದೆ. 2019ರಲ್ಲಿ ಡೀಪ್‌ಟ್ರೇಸ್ ಎಂಬ ಸಂಸ್ಥೆ ಅಂತರ್ಜಾಲದಲ್ಲಿ ಇಂಥ 14,678 ನಕಲಿ ವಿಡಿಯೋಗಳನ್ನು ಎಣಿಸಿದಾಗ ನೂರಕ್ಕೆ 96 ಈ ಬಗೆಯವೇ ಆಗಿದ್ದವು. ಅವುಗಳಲ್ಲಿದ್ದ ಮುಖಗಳೆಲ್ಲ ಹೆಣ್ಣುಮಕ್ಕಳವು. ಮದುವೆಯ ಮನೆಯಲ್ಲಿ, ಪ್ರಥಮ ಪರಮಪ್ರಸಾದದ ಹಬ್ಬದಲ್ಲಿ, ಕಾಲೇಜಿನ ವಾರ್ಷಿಕೋತ್ಸವದಲ್ಲಿ ತೆಗೆದ ಫೋಟೋ ಇದಕ್ಕೆ ಸಾಕಾಗುತ್ತದೆ.

ನಮ್ಮ ನಾಡಿನ ಎರಡು ಪ್ರಸಂಗಗಳನ್ನು ಹೇಳದೆ ಹೋದರೆ ಇದೆಲ್ಲ ದೂರದ ದೇಶದ ಮಾತಾಗಿಬಿಡುತ್ತದೆ. 2012ರ ಫೆಬ್ರವರಿಯಲ್ಲಿ ವಿಧಾನಸಭೆ ನಡೆಯುತ್ತಿದ್ದಾಗಲೇ ಮೊಬೈಲಿನಲ್ಲಿ ಇಂಥ ದೃಶ್ಯ ನೋಡಿದರೆಂಬ ಆರೋಪ ಹೊತ್ತು ಕರ್ನಾಟಕದ ಮೂವರು ಮಂತ್ರಿಗಳು ರಾಜೀನಾಮೆಯಿತ್ತರು. ಸದನದ ಘನತೆಗೆ ಕುಂದು ಬಂತೆಂದು ನಾಡೆಲ್ಲ ನೊಂದುಕೊಂಡಿತು. ಆ ಪುಟ್ಟ ತೆರೆಯ ಮೇಲಿದ್ದ ಹೆಣ್ಣಿನ ಘನತೆಯ ಪ್ರಶ್ನೆ ಎತ್ತಿದವರು ವಿರಳ. ನೋಡುವವನೇ ವಾಕ್ಯದ ಕರ್ತೃವಾಗುವ ರೂಢಿ ದೇವಾಲಯದಲ್ಲಷ್ಟೇ ಅಲ್ಲ, ವಿಧಾನಸೌಧದಲ್ಲಿಯೂ ಇದೆ.

ಎರಡನೆಯದು ಹಾಸನದ್ದು, ಹೆಚ್ಚು ವಿವರಿಸಬೇಕಾಗಿಲ್ಲ. 2024ರ ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ ಪೆನ್‌ಡ್ರೈವ್‌ಗಳು ಊರತುಂಬ ಹರಿದಾಡಿದವು. ದೌರ್ಜನ್ಯಕ್ಕೊಳಗಾದ ಹೆಣ್ಣುಮಕ್ಕಳ ಮುಖಗಳನ್ನು ಮರೆಮಾಡುವಷ್ಟು ಕರುಣೆಯೂ ಅವುಗಳನ್ನು ಹಂಚಿದವರಲ್ಲಿರಲಿಲ್ಲ. 2025ರ ಆಗಸ್ಟ್‌ನಲ್ಲಿ, ಮನೆಗೆಲಸದ ಹೆಣ್ಣುಮಗಳೊಬ್ಬಳ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ, ಬೆಂಗಳೂರಿನ ವಿಶೇಷ ನ್ಯಾಯಾಲಯ ಮಾಜಿ ಸಂಸದನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆದರೆ ಆ ಬೇಸಿಗೆಯಲ್ಲಿ ಅವುಗಳನ್ನು ನೋಡಿದವರು, 'ನಿನಗೆ ಬಂತೇ' ಎಂದು ಗೆಳೆಯನನ್ನು ಕೇಳಿದವರು, ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟಿಸಿದವರು ಎಷ್ಟು ಸಾವಿರ! ಅವರೆಲ್ಲ ದುರುಳರಲ್ಲ. ಭಾನುವಾರ ದೇವಸ್ಥಾನಕ್ಕೋ ಚರ್ಚಿಗೋ ಹೋಗುವ, ಮಕ್ಕಳ ಶಾಲೆಯ ಫೀಸು ಕಟ್ಟುವ ಸಾಮಾನ್ಯ ಜನ. ಸುಸನ್ನಳ ಮುಸುಕನ್ನು ತೆಗೆಸಿದವರು ಇಬ್ಬರೇ. ತೆಗೆದ ಮೇಲೆ ಅಲ್ಲಿ ನೆರೆದವರೆಲ್ಲ ಏನು ಮಾಡಿದರು? 33ನೆಯ ವಚನದ ಪ್ರಕಾರ, ಅವಳ ಕಡೆಯವರೂ ಅವಳನ್ನು ನೋಡಿದವರೆಲ್ಲರೂ ಅತ್ತರು. ಹಾಸನದ ಆ ದೃಶ್ಯಗಳನ್ನು ನೋಡಿ ಅತ್ತವರೂ ಇದ್ದಿರಬಹುದು. ಅತ್ತವರು ಅದನ್ನು ಮುಂದಕ್ಕೆ ಕಳುಹಿಸಿರಲಾರರು.

ಧರ್ಮಸಭೆಯ ಬೋಧನೆಯಲ್ಲಿ ಕೊರತೆಯಿದೆಯೇ ಎಂದು ಕೇಳಿದರೆ, ಕೊರತೆಯಿರುವುದು ನಾವು ಅದನ್ನು ಕಲಿಸುವ ಬಗೆಯಲ್ಲಿ ಎಂಬುದು ನನ್ನ ಅಭಿಪ್ರಾಯ. ಕಥೋಲಿಕ ಧರ್ಮೋಪದೇಶ ಗ್ರಂಥದ 2354ನೆಯ ಪರಿಚ್ಛೇದ ಇದನ್ನು ಶುದ್ಧತೆಗೆ ವಿರುದ್ಧವಾದ ಪಾಪಗಳ ಸಾಲಿನಲ್ಲಿ ಇರಿಸಿದೆಯಾದರೂ, ಅಭಿನಯಿಸುವವರು, ಮಾರುವವರು, ನೋಡುವವರು ಮೂವರ ಘನತೆಗೂ ಘೋರವಾದ ಗಾಯವಾಗುತ್ತದೆಂದು ಹೇಳುತ್ತದೆ. ಒಬ್ಬರು ಇನ್ನೊಬ್ಬರ ಸುಖಕ್ಕೂ ಲಾಭಕ್ಕೂ ವಸ್ತುವಾಗುತ್ತಾರೆಂದು ಎಚ್ಚರಿಸುತ್ತದೆ. ಎರಡನೆಯ ಜಾನ್ ಪಾಲರು 1981ರ ವಸಂತದಲ್ಲಿ, ಬುಧವಾರಗಳ ತಮ್ಮ ಬೋಧನೆಗಳಲ್ಲಿ, ಕ್ಯಾಮೆರಾ ಮಾನವ ದೇಹವನ್ನು ಹೆಸರಿಲ್ಲದ ವಸ್ತುವನ್ನಾಗಿಸುವ ಅಪಾಯವನ್ನು ಕುರಿತು ಮಾತನಾಡಿದ್ದರು. 2024ರ ಏಪ್ರಿಲ್‌ನಲ್ಲಿ ವ್ಯಾಟಿಕನ್ ಹೊರತಂದ, ಮಾನವನ ಅನಂತ ಘನತೆಯನ್ನು ಕುರಿತ ಪ್ರಕಟಣೆ ಸ್ತ್ರೀಯರ ಮೇಲಿನ ಹಿಂಸೆಯನ್ನೂ ಡಿಜಿಟಲ್ ಹಿಂಸೆಯನ್ನೂ ಹೆಸರಿಸಿ ಖಂಡಿಸಿದೆ. ಆದರೆ ಆತ್ಮಶೋಧನೆಯ ನಮ್ಮ ಪ್ರಶ್ನೆಪಟ್ಟಿ ಇನ್ನೂ 'ಕೆಟ್ಟ ಚಿತ್ರ ನೋಡಿದೆನೇ' ಎಂಬಲ್ಲಿಯೇ ನಿಂತಿದೆ. ಆರನೆಯ ಆಜ್ಞೆಯ ಕೆಳಗೆ ಬರೆದ ಈ ಪ್ರಶ್ನೆಯನ್ನು ಐದನೆಯ ಮತ್ತು ಏಳನೆಯ ಆಜ್ಞೆಗಳ ಕೆಳಗೂ ಬರೆಯಬೇಕಾಗಿದೆ. ಏಕೆಂದರೆ ಇಲ್ಲಿ ಒಬ್ಬಳ ಮೇಲೆ ಹಿಂಸೆ ನಡೆದಿರಬಹುದು. ಅವಳದಾದದ್ದನ್ನು ಯಾರೋ ಕದ್ದು ಮಾರಿರಬಹುದು. ಕೊಂಡವರಲ್ಲಿ ನಾವೂ ಇರಬಹುದು.

ಪ್ರಭು ಯೇಸು ಮತ್ತಾಯನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಕಾಮದ ನೋಟವನ್ನು ಕುರಿತು ಆಡಿದ ಮಾತು ನಿಮಗೆ ಗೊತ್ತೇ ಇದೆ. ಅದನ್ನು ಮನಸ್ಸಿನ ಪರಿಶುದ್ಧತೆಯ ಉಪದೇಶವೆಂದಷ್ಟೇ ಓದುವುದು ನಮ್ಮ ವಾಡಿಕೆ. ಪ್ರಭು ಅಲ್ಲಿ ಹೆಣ್ಣಿಗೆ ಮುಸುಕು ಹಾಕಿಕೊಳ್ಳಲು ಹೇಳಲಿಲ್ಲ, ಮನೆಯೊಳಗೆ ಇರಲು ಹೇಳಲಿಲ್ಲ. ಮಾತೆಲ್ಲ ನೋಡುವವನ ಕಣ್ಣಿಗೆ. ಆ ಕಣ್ಣಿನ ಎದುರಿಗೆ ನಿಂತವಳನ್ನು ಅವರು ಸಂಪೂರ್ಣವಾಗಿ ದೋಷಮುಕ್ತಳನ್ನಾಗಿ ಮಾಡಿದರು ಎಂದೇ ನಾನು ಆ ವಚನವನ್ನು ಓದುತ್ತೇನೆ.

ತಡೆ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸರ್ಕಾರ 2015ರ ಆಗಸ್ಟ್‌ನಲ್ಲಿ 857 ತಾಣಗಳನ್ನು ಮುಚ್ಚಿಸಿ ಕೆಲವೇ ದಿನಗಳಲ್ಲಿ ಹಿಂದೆಗೆಯಿತು. 2018ರಲ್ಲಿ ಉತ್ತರಾಖಂಡ ಹೈಕೋರ್ಟಿನ ಆದೇಶದ ಮೇಲೆ 827 ತಾಣಗಳನ್ನು ಮುಚ್ಚಿಸಿತು. ಬಾಗಿಲು ಮುಚ್ಚಿದರೆ ಕಿಟಕಿಯಿಂದ ಹೋಗುವ ಉಪಾಯ ಹೈಸ್ಕೂಲು ಹುಡುಗರಿಗೂ ಗೊತ್ತು. ತಡೆ ಬೇಡವೆಂದಲ್ಲ, ಅದನ್ನೇ ನಂಬಿ ಕೂರಲಾಗದು. ಮನೆಯಲ್ಲಿ ಮಗನೊಡನೆ ಈ ಮಾತು ಬಂದಾಗ, ಇದು ಪಾಪ, ನರಕಕ್ಕೆ ಹೋಗುತ್ತೀಯಾ ಎನ್ನುವುದರ ಜೊತೆಗೆ ಲಿಂಡಾಳ ಮೈಮೇಲಿನ ಕಲೆಗಳ ಸಂಗತಿಯನ್ನೂ ಅವನ ವಯಸ್ಸಿಗೆ ತಕ್ಕಂತೆ ಹೇಳಿ. ನಾಚಿಕೆ ಒಂದು ವಾರ ಇರುತ್ತದೆ. ಒಬ್ಬ ಮನುಷ್ಯಳನ್ನು ಕಂಡ ನೆನಪು ಹೆಚ್ಚು ದಿನ ಬಾಳುತ್ತದೆ.

ಮಗಳ ವಿಷಯ ಇನ್ನೂ ಕಠಿಣವಾದದ್ದು. ಅವಳದೊಂದು ಫೋಟೋ, ನಿಜವೋ ನಕಲಿಯೋ, ಎಲ್ಲಿಯೋ ಹರಿದಾಡುತ್ತಿದೆಯೆಂದು ತಿಳಿದ ದಿನ ನಮ್ಮ ಮನೆಗಳಲ್ಲಿ ಕೇಳಿಬರುವ ಮೊದಲ ಪ್ರಶ್ನೆ ಯಾವುದು? ಯಾಕೆ ಕಳುಹಿಸಿದೆ, ಯಾಕೆ ತೆಗೆಸಿಕೊಂಡೆ, ಊರವರಿಗೆ ಏನು ಹೇಳುವುದು. ಈ ಪ್ರಶ್ನೆಗಳ ಭಯದಿಂದಲೇ ಬೆದರಿಸುವವನಿಗೆ ಬಲ ಬರುತ್ತದೆ. ಹಿರಿಯರು ಸುಸನ್ನಳಿಗೆ ಒಡ್ಡಿದ್ದೂ ಮಾನದ ಬೆದರಿಕೆಯನ್ನೇ. 30ನೆಯ ವಚನದಲ್ಲಿ ಸುಸನ್ನಳನ್ನು ನ್ಯಾಯಸಭೆಗೆ ಕರೆತರಲು ಆಳುಗಳನ್ನು ಕಳುಹಿಸುತ್ತಾರೆ. ಅವಳು ಬರುತ್ತಾಳೆ. ಜೊತೆಗೆ ಅವಳ ತಾಯಿತಂದೆ, ಅವಳ ಮಕ್ಕಳು, ಅವಳ ಬಂಧುಬಳಗವೆಲ್ಲ ಬರುತ್ತದೆ. ಸಾಕ್ಷ್ಯವಿನ್ನೂ ಮುಗಿದಿರಲಿಲ್ಲ, ದಾನಿಯೇಲನಿನ್ನೂ ಎದ್ದಿರಲಿಲ್ಲ, ಅವಳು ನಿರಪರಾಧಿಯೆಂದು ಯಾರೂ ತೀರ್ಪು ಕೊಟ್ಟಿರಲಿಲ್ಲ. ಆದರೂ ಬಂದರು.

ಕಾನೂನಿನ ಕಡೆಯಿಂದ ತಿಳಿದಿರಬೇಕಾದದ್ದು ಸ್ವಲ್ಪವೇ. ಹೆಣ್ಣಿನ ಖಾಸಗಿ ದೃಶ್ಯವನ್ನು ಅವಳ ಒಪ್ಪಿಗೆಯಿಲ್ಲದೆ ಸೆರೆಹಿಡಿಯುವುದು, ಹಂಚುವುದು ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಡಿ ಅಪರಾಧ. ತೆಗೆಯುವಾಗ ಅವಳು ಒಪ್ಪಿದ್ದರೂ ಹಂಚಲು ಒಪ್ಪಿರದಿದ್ದರೆ ಆಗಲೂ ಅಪರಾಧವೇ. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಇ, 67, 67ಎ ಕಲಮುಗಳೂ ಅನ್ವಯಿಸುತ್ತವೆ. ಮಕ್ಕಳ ವಿಷಯದಲ್ಲಿ 67ಬಿ ಮತ್ತು ಪೋಕ್ಸೋ. ದೃಶ್ಯವನ್ನು ಅಳಿಸುವ ಅವಸರದಲ್ಲಿ ಅದು ಕಾಣಿಸಿದ ಪುಟದ ವಿಳಾಸ, ಕಳುಹಿಸಿದವನ ಸಂಖ್ಯೆ, ದಿನಾಂಕಗಳನ್ನು ಕಳೆದುಕೊಳ್ಳಬೇಡಿ. ಪೊಲೀಸರಿಗೆ ಬೇಕಾಗುವುದು ಅವೇ. ಕೇಂದ್ರ ಗೃಹ ಸಚಿವಾಲಯದ ರಾಷ್ಟ್ರೀಯ ಸೈಬರ್ ಅಪರಾಧ ತಾಣದಲ್ಲಿ ಸ್ತ್ರೀಯರಿಗೆ ಮತ್ತು ಮಕ್ಕಳಿಗೆ ಸಂಬಂಧಿಸಿದ ದೂರುಗಳಿಗೆ ಪ್ರತ್ಯೇಕ ವಿಭಾಗವಿದೆ. ಅಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು.